ಮುಂದಿನ ಟರಾಂಟುಲಾ ಯಾವುದು? ಯಾವ ಕಷ್ಟ ನಿಮ್ಮ ಕೈಗೆ ಒಗ್ಗುತ್ತದೆ ಅಂತ ಮೊದಲು ನೋಡಿ

ನಿಮ್ಮ ಮೊದಲನೇ ಟರಾಂಟುಲಾ, ಅಂದರೆ ಮೈತುಂಬ ಕೂದಲಿರುವ ಆ ದೊಡ್ಡ ಜೇಡ, ಸಾಕಲು ಮನೆಗೆ ಬಂದು ಎರಡು ವರ್ಷ ಆಗಿದೆ ಅಂದುಕೊಳ್ಳಿ. ಗುಂಗುರು ಕೂದಲಿನ ಟ್ಲಿಲ್ಟೊಕಾಟ್ಲ್ ಇರಬಹುದು, ಕೆಂಪು ಮಂಡಿಯ ಬ್ರಾಕಿಪೆಲ್ಮಾ ಇರಬಹುದು. ಅದು ಅಂಗಾತ ಮಲಗಿ ಪೊರೆ ಬಿಡುವುದನ್ನು ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂತ ಹೆದರಿದ್ದೀರಿ. ತಿಂಗಳುಗಟ್ಟಲೆ ಏನೂ ತಿನ್ನದೆ ಕೂತಾಗ ಚಿಂತೆ ಮಾಡಿದ್ದೀರಿ, ಆಮೇಲೆ ಅದರ ರೀತಿಯೇ ಹಾಗೆ ಅಂತ ಗೊತ್ತಾಗಿದೆ. ಈಗ ಕಣ್ಣು ಬೇರೆ ಕಡೆ ಹೊರಳುತ್ತಿದೆ. ನೀಲಿ ಬಣ್ಣದ್ದು, ಮರ ಹತ್ತುವುದು, ಮಿಂಚಿನ ಹಾಗೆ ಓಡುವುದು. ಸ್ವಲ್ಪ ಕಷ್ಟದ್ದೇ ತಗೊಳ್ಳೋಣ ಅನ್ನಿಸುತ್ತಿದೆ, ಅಲ್ವಾ?

ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಕಷ್ಟ ಅನ್ನುವ ಮಾತಿನ ಹತ್ತಿರವೇ ಒಂದು ನಿಮಿಷ ನಿಲ್ಲಿ. ಎಲ್ಲರೂ ಟರಾಂಟುಲಾಗಳನ್ನು ಸುಲಭ, ಮಧ್ಯಮ, ಕಷ್ಟ ಅಂತ ಮೂರು ಸಾಲಿನಲ್ಲಿ ಜೋಡಿಸಿಬಿಡುತ್ತಾರೆ. ಅದರಿಂದ ಉಪಯೋಗ ಕಡಿಮೆ. ಒಂದು ಜಾತಿ ಕಷ್ಟ ಅನ್ನಿಸುವುದು ಅದರ ಓಟದಿಂದ. ಇನ್ನೊಂದು ವಿಷದಿಂದ. ಮತ್ತೊಂದರ ಕೂದಲು ತಾಗಿದರೆ ನಸುಗುನ್ನಿ ಕಾಯಿ ಮೈಗೆ ಉಜ್ಜಿದ ಹಾಗಾಗುತ್ತದೆ. ಕೆಲವಕ್ಕೆ ಮಣ್ಣಿನ ತೇವ ಒಂದು ವಾರ ತಪ್ಪಿದರೂ ಆಗುವುದಿಲ್ಲ. ಇನ್ನು ಕೆಲವು ಬಿಲದೊಳಗೆ ಹೋದರೆ ತಿಂಗಳಾದರೂ ಮುಖ ತೋರಿಸುವುದಿಲ್ಲ, ಬದುಕಿದೆಯೋ ಇಲ್ಲವೋ ಅಂತಲೂ ತಿಳಿಯುವುದಿಲ್ಲ. ಇವೆಲ್ಲ ಒಂದೇ ಕಷ್ಟ ಅಲ್ಲ. ಕೈ ನಡುಗದೆ ನಿಧಾನವಾಗಿ ಕೆಲಸ ಮಾಡುವ ಒಬ್ಬರಿಗೆ ಓಡುವ ಜೇಡ ದೊಡ್ಡ ವಿಷಯವೇ ಅಲ್ಲ, ಆದರೆ ಅವರೇ ನೀರು ಹಾಕುವುದನ್ನು ಮರೆಯುವವರಾದರೆ ತೇವ ಬೇಡುವ ಜೇಡ ಅವರ ಕೈಯಲ್ಲಿ ಸಾಯುತ್ತದೆ.

ಹಾಗಾಗಿ ಜೇಡ ಯಾವುದು ಅಂತ ಹುಡುಕುವ ಮುಂಚೆ ನಿಮ್ಮ ಕೈ ಎಂಥದ್ದು ಅಂತ ನೋಡಿಕೊಳ್ಳಿ.

ಕೂದಲು ಇದ್ದದ್ದು, ಇಲ್ಲದ್ದು

ಸಾಕುವವರು ನ್ಯೂ ವರ್ಲ್ಡ್, ಓಲ್ಡ್ ವರ್ಲ್ಡ್ ಅಂತ ಎರಡು ಗುಂಪು ಹೇಳುತ್ತಾರೆ. ಅಮೆರಿಕ ಖಂಡಗಳಿಂದ ಬಂದವು ನ್ಯೂ ವರ್ಲ್ಡ್. ಏಷ್ಯಾ, ಆಫ್ರಿಕಾ ಕಡೆಯವು ಓಲ್ಡ್ ವರ್ಲ್ಡ್. ನ್ಯೂ ವರ್ಲ್ಡ್ ಜೇಡಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಮೇಲೆ ತುರಿಕೆ ಕೂದಲು ಇರುತ್ತದೆ. ಹೆದರಿದರೆ ಹಿಂಗಾಲಿನಿಂದ ಕೆರೆದು ಅದನ್ನು ಗಾಳಿಗೆ ಬಿಡುತ್ತವೆ. ಓಲ್ಡ್ ವರ್ಲ್ಡ್ ಜೇಡಗಳಿಗೆ ಆ ಕೂದಲೇ ಇಲ್ಲ. ಅವುಗಳ ಹತ್ತಿರ ಇರುವುದು ಎರಡೇ ದಾರಿ: ಓಡುವುದು, ಇಲ್ಲವೇ ಕಚ್ಚುವುದು. ವಿಷವೂ ಸಾಮಾನ್ಯವಾಗಿ ಜಾಸ್ತಿ ಜೋರು. ಮೊದಲನೇ ಜೇಡ ನಿಮಗೆ ಕೊಟ್ಟ ಎಚ್ಚರಿಕೆಗಳು, ಅಂದರೆ ಬೆನ್ನು ತಿರುಗಿಸುವುದು, ಕೂದಲು ಕೆರೆಯುವುದು, ನಿಧಾನವಾಗಿ ಹಿಂದೆ ಸರಿಯುವುದು, ಇವು ಯಾವುವೂ ಇಲ್ಲಿ ಸಿಗುವುದಿಲ್ಲ. ಬ್ರಾಕಿಪೆಲ್ಮಾದಿಂದ ನೇರವಾಗಿ ಓಲ್ಡ್ ವರ್ಲ್ಡ್‌ಗೆ ಹಾರಿದವರು ಎಡವುವುದು ಇಲ್ಲಿಯೇ.

ಇವೆರಡರ ನಡುವೆ ಒಂದು ಸೇತುವೆ ಇದೆ, ಅದರ ಹೆಸರು ಸಾಲ್ಮೋಪಿಯಸ್.

ಸಾಲ್ಮೋಪಿಯಸ್: ನಾನು ಹೇಳುವ ಎರಡನೇ ಮೆಟ್ಟಿಲು

ಇವು ಅಮೆರಿಕದವೇ. ಆದರೂ ತುರಿಕೆ ಕೂದಲು ಇಲ್ಲ, ಓಟ ಓಲ್ಡ್ ವರ್ಲ್ಡ್ ಜೇಡಗಳಂತೆಯೇ ಇರುತ್ತದೆ. ಮರ ಹತ್ತುವ ಜಾತಿ. ಟ್ರಿನಿಡಾಡ್‌ನ ಸಾಲ್ಮೋಪಿಯಸ್ ಕೇಂಬ್ರಿಜೈ ಹಸಿರು ಛಾಯೆಯದು, ಬೇಗ ದೊಡ್ಡದಾಗುತ್ತದೆ, ಹಾಕಿದ್ದನ್ನೆಲ್ಲ ತಿನ್ನುತ್ತದೆ. ವೆನೆಜುವೆಲಾ ಕಡೆಯ ಸಾಲ್ಮೋಪಿಯಸ್ ಇರ್ಮಿನಿಯಾ ಕಪ್ಪು ಮೈ, ಕಾಲಿನ ಮೇಲೆ ಕಿತ್ತಳೆ ಗೆರೆ. ನೋಡಿದರೆ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ಕೇಂಬ್ರಿಜೈ ವಿಷದ ಬಗ್ಗೆ ಒಂದು ಸಂಗತಿ ನನಗೆ ಬಹಳ ಇಷ್ಟ. ಮೆಣಸಿನಕಾಯಿ ತಿಂದಾಗ ನಮ್ಮ ನರದಲ್ಲಿ ಯಾವ ಬಾಗಿಲು ತೆರೆದು ಉರಿ ಅನ್ನಿಸುತ್ತದೋ, ಇದರ ವಿಷದಲ್ಲಿರುವ ಕೆಲವು ಪುಟ್ಟ ಪ್ರೋಟೀನ್ ತುಣುಕುಗಳು, ಅಂದರೆ ಪೆಪ್ಟೈಡ್‌ಗಳು ಅದೇ ಬಾಗಿಲನ್ನು ತೆರೆಯುತ್ತವೆ ಅಂತ 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದು ಕಚ್ಚಿದರೆ ಉರಿಯುವುದು ಸುಮ್ನೆ ಅಲ್ಲ.

ನನ್ನ ಎರಡನೇ ಜೇಡ ಇರ್ಮಿನಿಯಾ. ಮೊದಲ ಸಲ ಅದರ ಮನೆ ಬದಲಿಸುವಾಗ, ಅಂದರೆ ಹೊಸ ಡಬ್ಬಿಗೆ ಸಾಗಿಸುವಾಗ, ನಾನು ಎಲ್ಲವನ್ನೂ ಸರಿಯಾಗಿಯೇ ಇಟ್ಟುಕೊಂಡಿದ್ದೆ: ದೊಡ್ಡ ಪ್ಲಾಸ್ಟಿಕ್ ಲೋಟ, ಮೆತ್ತನೆ ಬ್ರಷ್, ಉದ್ದನೆಯ ಚಿಮಟ. ಬ್ರಷ್ಷಿನಿಂದ ಹಿಂಗಾಲನ್ನು ಮುಟ್ಟಿದೆ ಅಷ್ಟೆ. ಅದು ಬ್ರಷ್ ಹಿಡಿದು ಹತ್ತಿ, ನನ್ನ ಕೈ ದಾಟಿ, ಮೊಣಕೈ ಹತ್ತಿರ ಅಂಗಿಯ ಮೇಲೆ ಕೂತಿತ್ತು. ಅದು ಹತ್ತಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಕೂತಿದ್ದು ಮಾತ್ರ ಕಂಡಿತು. ಉಸಿರು ಬಿಗಿಹಿಡಿದು ನಿಂತೆ. ಎರಡು ನಿಮಿಷ ಆದ ಮೇಲೆ ಲೋಟವನ್ನು ಅದರ ಮೇಲೆ ಬೋರಲು ಹಾಕಿ, ಅಡಿಯಲ್ಲಿ ರಟ್ಟು ತೂರಿಸಿದೆ. ಕಚ್ಚಲಿಲ್ಲ. ಕೈ ಕೊಡವಿದ್ದರೆ ಒಂದೋ ಅದು ಕಚ್ಚುತ್ತಿತ್ತು, ಇಲ್ಲವೇ ನೆಲಕ್ಕೆ ಬಿದ್ದು ಹೊಟ್ಟೆ ಒಡೆದುಕೊಳ್ಳುತ್ತಿತ್ತು. ಆ ಎರಡು ನಿಮಿಷ ಸುಮ್ಮನೆ ನಿಲ್ಲಲು ಆಗುತ್ತದೆಯೇ ಅನ್ನುವುದೇ ಮುಂದಿನ ಎಲ್ಲ ವೇಗದ ಜಾತಿಗಳಿಗೂ ಪ್ರಶ್ನೆ. ಅದರ ಉತ್ತರ ಸಾಲ್ಮೋಪಿಯಸ್ ಜೊತೆಯಲ್ಲಿ ಗೊತ್ತಾದರೆ ಒಳ್ಳೆಯದು.

ಮರ ಹತ್ತುವುದು ಬೇಕು, ಆದರೆ ಇಷ್ಟು ವೇಗ ಬೇಡ ಅನ್ನುವವರಿಗೆ ಅವಿಕ್ಯುಲೇರಿಯಾ ಇದೆ, ಮಾರ್ಟಿನಿಕ್ ದ್ವೀಪದ ಕ್ಯಾರಿಬೆನಾ ವರ್ಸಿಕಲರ್ ಇದೆ. ವರ್ಸಿಕಲರ್ ಮರಿಯಲ್ಲಿ ಗಾಢ ನೀಲಿ, ಬೆಳೆದಂತೆ ಹಸಿರು, ಕೆಂಪು, ನೇರಳೆ ಬಣ್ಣ ಬರುತ್ತದೆ. ಸ್ವಭಾವ ಸಾಧು. ಇವುಗಳ ಕಷ್ಟ ಪೂರ್ತಿ ಬೇರೆ, ಗಾಳಿಯದು. ತೇವ ಬೇಕು ಅಂತ ಡಬ್ಬಿಯನ್ನು ಮುಚ್ಚಿ ನೀರು ಚಿಮುಕಿಸುತ್ತಾ ಹೋದರೆ ಒಳಗೆ ಉಸಿರುಗಟ್ಟಿದ ಹಾಗಾಗಿ ಮರಿಗಳು ಸಾಯುತ್ತವೆ. ಅಕ್ಕಪಕ್ಕ ತೂತುಗಳಿರುವ ಡಬ್ಬಿ, ಒಂದು ನೀರಿನ ಬಟ್ಟಲು, ಆಗಾಗ ಒಂದು ಮೂಲೆಗೆ ಸ್ವಲ್ಪ ನೀರು, ಇಷ್ಟು ಸಾಕು.

ದೊಡ್ಡದು ಬೇಕು ಅನ್ನುವವರಿಗೆ

ದಕ್ಷಿಣ ಅಮೆರಿಕದ ಥೆರಫೋಸಾ ಬ್ಲಾಂಡೈ ತೂಕದಲ್ಲಿ ಜೇಡಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಕಾಲು ಚಾಚಿದರೆ 28ರಿಂದ 30 ಸೆಂಟಿಮೀಟರ್ ವರೆಗೂ ಆಗಬಹುದು, ಅಂದರೆ ಒಂದು ಗೇಣಿಗಿಂತ ಜಾಸ್ತಿ. ತೂಕ 170 ಗ್ರಾಂ ವರೆಗೆ ಹೋಗುತ್ತದೆ. ಸಿಟ್ಟು ಬಂದರೆ ಕಾಲಿನ ಕೂದಲುಗಳನ್ನು ಒಂದಕ್ಕೊಂದು ಉಜ್ಜಿ ಬುಸ್ ಅನ್ನುತ್ತದೆ. ಸಾಲ್ಮೋಪಿಯಸ್‌ಗೆ ಹೋಲಿಸಿದರೆ ಇದರ ಓಟ ಏನೂ ಅಲ್ಲ, ವಿಷವೂ ಅಷ್ಟು ಭಯಪಡುವಂಥದ್ದಲ್ಲ, ಆದರೆ ಕೋರೆ ಎರಡು ಸೆಂಟಿಮೀಟರ್ ಹತ್ತಿರ ಇರುವುದರಿಂದ ಗಾಯ ದೊಡ್ಡದಾಗುತ್ತದೆ.

ನಿಜವಾದ ತೊಂದರೆ ಕೂದಲಿನದು. ನಾನು ಕಂಡಂತೆ ಇಷ್ಟು ಕೆಟ್ಟ ತುರಿಕೆ ಬೇರೆ ಯಾವ ಜೇಡದ್ದೂ ಅಲ್ಲ. ಡಬ್ಬಿಯ ಮಣ್ಣಿನಲ್ಲಿ, ಮುಚ್ಚಳದಲ್ಲಿ, ಬಿಟ್ಟ ಪೊರೆಯಲ್ಲಿ ಎಲ್ಲ ಕಡೆ ಅಂಟಿರುತ್ತದೆ. ಜೇಡವನ್ನು ಮುಟ್ಟದೆ ಬರೀ ನೀರಿನ ಬಟ್ಟಲು ತೊಳೆದರೂ ಬೆರಳ ಸಂದಿಯಲ್ಲಿ ದಿನಗಟ್ಟಲೆ ಕೆರೆತ. ಕಣ್ಣಿಗೆ ಹೋದರೆ ಆಟ ಅಲ್ಲ. ಕೂದಲಿನ ಮುಳ್ಳು ಕಣ್ಣಿನೊಳಗೆ ಸರಿಯುತ್ತಾ ಹೋಗಿ ತಿಂಗಳುಗಟ್ಟಲೆ ಉರಿಯೂತ ತರಬಹುದು, ಉಜ್ಜಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಈ ಡಬ್ಬಿ ತೆರೆಯಬೇಡಿ. ಧೂಳು ಅಂದರೆ ಉಬ್ಬಸ ಬರುವವರು ಇದನ್ನು ಪಟ್ಟಿಯಿಂದಲೇ ತೆಗೆದುಬಿಡಿ.

ಇನ್ನೊಂದು ಅಂದರೆ ತೇವ. ಮಣ್ಣಿನ ಅಡಿ ಯಾವಾಗಲೂ ಒದ್ದೆಯಾಗಿರಬೇಕು, ಮೇಲೆ ಕೆಸರಾಗಬಾರದು. ಒಣಗಿದರೆ ಪೊರೆ ಬಿಡುವಾಗ ಕಾಲು ಸಿಕ್ಕಿಹಾಕಿಕೊಂಡು ಸಾಯುವ ಸಾಧ್ಯತೆ ಇದೆ. ಭಾರದ ಜೇಡವಾದ್ದರಿಂದ ಡಬ್ಬಿ ಎತ್ತರ ಇರಬಾರದು. ಮಣ್ಣಿನ ಮೇಲಿಂದ ಮುಚ್ಚಳದವರೆಗೆ ಅದರ ಕಾಲಿನ ಅಗಲದ ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗ ಬಿಡಬೇಡಿ.

ದೊಡ್ಡದೂ ಬೇಕು, ಇಷ್ಟು ರಗಳೆಯೂ ಬೇಡ ಅಂದರೆ ಬ್ರೆಜಿಲ್‌ನ ಅಕಾಂಥೊಸ್ಕುರಿಯಾ ಜೆನಿಕ್ಯುಲಾಟಾ ನೋಡಿ. ಕಪ್ಪು ಕಾಲಿಗೆ ಬಿಳಿ ಪಟ್ಟೆ, ಸದಾ ಹಸಿವು, ಹೊರಗೇ ಕೂತಿರುತ್ತದೆ. ಕೂದಲು ಇದೆ, ತುರಿಕೆಯೂ ಇದೆ, ಆದರೆ ತೇವದ ವಿಷಯದಲ್ಲಿ ಸಣ್ಣಪುಟ್ಟ ತಪ್ಪು ಮಾಡಿದರೆ ಸಹಿಸಿಕೊಳ್ಳುತ್ತದೆ. ಥೆರಫೋಸಾ ತರುವ ಮುಂಚೆ ಇದನ್ನು ಸಾಕಿದವರು ಯಾರೂ ಪಶ್ಚಾತ್ತಾಪ ಪಟ್ಟಿದ್ದು ನಾನು ಕಂಡಿಲ್ಲ.

ಬಣ್ಣಕ್ಕಾಗಿ ಹುಡುಕುವವರು ವೆನೆಜುವೆಲಾದ ಪರಗ್ವಾನಾ ಕಡೆಯ ಕ್ರೊಮಾಟೊಪೆಲ್ಮಾ ಸಯನಿಯೋಪ್ಯುಬೆಸೆನ್ಸ್ ಮರೆಯಬೇಡಿ. ನೀಲಿ ಕಾಲು, ಕಿತ್ತಳೆ ಹೊಟ್ಟೆ, ಹಸಿರು ಬೆನ್ನು. ಒಣ ಜಾಗದ ಜೇಡ, ಮಣ್ಣು ಒಣಗಿದ್ದರೆ ಸಾಕು, ಡಬ್ಬಿ ತುಂಬ ಬಲೆ ನೇಯುತ್ತದೆ. ಕಷ್ಟ ಅಂತ ಹೇಳಲು ಸ್ವಲ್ಪ ಓಟ, ಸ್ವಲ್ಪ ಹೆದರಿಕೆಯ ಸ್ವಭಾವ ಅಷ್ಟೆ.

ಬಿಲದ ಜೇಡ

ಮಯನ್ಮಾರ್ ಮತ್ತು ಥಾಯ್ಲೆಂಡ್ ಕಡೆಯ ಸಿರಿಯೋಪಾಗೋಪಸ್ ಲಿವಿಡಸ್ ಚಿತ್ರ ನೋಡಿ ಮನಸೋಲದವರು ಕಡಿಮೆ. ಬೆಳಕು ಬಿದ್ದರೆ ಉಜ್ವಲ ನೀಲಿ. ಆದರೆ ಆ ಬೆಳಕಿಗೆ ಅದು ಬರುವುದೇ ಇಲ್ಲ. ಇದಕ್ಕೆ 20ರಿಂದ 25 ಸೆಂಟಿಮೀಟರ್ ಆಳದ ಒದ್ದೆ ಮಣ್ಣು ಕೊಡಬೇಕು, ಅದು ಬಿಲ ತೋಡಿಕೊಂಡು ಒಳಗೆ ಇರುತ್ತದೆ. ರಾತ್ರಿ ಬಿಲದ ಬಾಯಲ್ಲಿ ಎರಡು ಕಾಲು ಕಾಣಿಸಿದರೆ ನಿಮ್ಮ ಪುಣ್ಯ. ಮಣ್ಣು ಕಡಿಮೆ ಹಾಕಿದರೆ ಚೆನ್ನಾಗಿ ಕಾಣುತ್ತದಲ್ಲ ಅಂತ ಕೆಲವರು ಹಾಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಅಡಗಲು ಜಾಗ ಇಲ್ಲದ ಬಿಲದ ಜೇಡ ಇಡೀ ದಿನ ಹೆದರಿಕೆಯಲ್ಲಿ ಬದುಕುತ್ತದೆ, ಆ ಹೆದರಿಕೆಗೆ ಮುಚ್ಚಳ ಎತ್ತಿದಾಗೆಲ್ಲ ಮುಂಗಾಲು ಎತ್ತಿ ಕಚ್ಚಲು ಬರುತ್ತದೆ. ಅದು ಸಿಟ್ಟಿನ ಜೇಡ ಅಂತ ಹೆಸರು ಬಂದಿದ್ದರಲ್ಲಿ ಅರ್ಧ ಪಾಲು ಇಂಥ ಡಬ್ಬಿಗಳದ್ದು ಅಂತ ನನ್ನ ನಂಬಿಕೆ.

ಇದನ್ನು ಯಾರು ಸಾಕಬೇಕು ಅಂದರೆ, ಮಣ್ಣು ತುಂಬಿದ ಡಬ್ಬಿಯೊಳಗೆ ಒಂದು ಜೀವ ಇದೆ ಅನ್ನುವುದೇ ಸಂತೋಷ ಕೊಡುವಂಥವರು. ನೆಂಟರಿಗೆ ತೋರಿಸಬೇಕು ಅನ್ನುವ ಆಸೆ ಇದ್ದರೆ ಬೇರೆ ನೋಡಿ.

ಆಫ್ರಿಕಾದ ಬಬೂನ್ ಜೇಡಗಳು

ಇಲ್ಲಿ ಹೋಲಿಕೆ ತುಂಬ ಸ್ವಾರಸ್ಯವಾಗಿದೆ. ಕಿತ್ತಳೆ ಬಣ್ಣದ ಟೆರಿನೋಕೈಲಸ್ ಮುರಿನಸ್, ಎಲ್ಲರೂ ಓಬಿಟಿ (ಆರೆಂಜ್ ಬಬೂನ್ ಟರಾಂಟುಲಾ) ಅಂತ ಕರೆಯುವುದು, ಬದುಕಿಸಿಕೊಳ್ಳಲು ಇದಕ್ಕಿಂತ ಸುಲಭದ ಟರಾಂಟುಲಾ ಹುಡುಕುವುದು ಕಷ್ಟ. ಒಣ ಮಣ್ಣು, ನೀರಿನ ಬಟ್ಟಲು, ಬಲೆ ಕಟ್ಟಲು ಎರಡು ತುಂಡು ತೊಗಟೆ. ಬಿಸಿಯೋ ತಂಪೋ, ಮನುಷ್ಯರಿಗೆ ಹಿತ ಅನ್ನಿಸುವ ಕೋಣೆಯಾದರೆ ಅದಕ್ಕೂ ಸರಿ. ಆದರೆ ಮುಚ್ಚಳ ತೆರೆಯುವುದು ಬೇರೆ ಮಾತು. ಓಡುತ್ತದೆ, ನಿಂತು ಎದುರಿಸುತ್ತದೆ, ಕಚ್ಚಿದರೆ ನೋವು ವಿಪರೀತ. ಸಾಕುವುದು ಸುಲಭ, ನಿಭಾಯಿಸುವುದು ಕಷ್ಟ ಅನ್ನುವುದಕ್ಕೆ ಇದೇ ಉದಾಹರಣೆ. ಕಡಿಮೆ ಬೆಲೆಗೆ ಸಿಗುತ್ತದೆ, ಸಾಯುವುದಿಲ್ಲ ಅಂತ ಎರಡನೇ ಜೇಡವಾಗಿ ಇದನ್ನು ತಂದವರು ಆಮೇಲೆ ಡಬ್ಬಿ ತೆರೆಯಲು ಹೆದರಿ, ಬಟ್ಟಲಿನ ನೀರನ್ನೂ ಬದಲಿಸದೆ ಬಿಡುತ್ತಾರೆ. ಪಾಪ, ಅದರಲ್ಲಿ ಜೇಡದ ತಪ್ಪೇನು?

ಆಫ್ರಿಕಾದ ಜೇಡವೇ ಬೇಕಾದರೆ ನಾನು ಮೊದಲು ತೋರಿಸುವುದು ಸೆರಾಟೋಗೈರಸ್ ಡಾರ್ಲಿಂಗಿ. ಬೆನ್ನ ಮೇಲೆ ಕೊಂಬು ಇರುವ ಜಾತಿ. ಸ್ವಭಾವ ಬಿರುಸೇ, ಆದರೆ ಓಬಿಟಿಗಿಂತ ಬೇಗ ಬಿಲಕ್ಕೆ ಹಿಂತಿರುಗುತ್ತದೆ. ಸೊಕೋಟ್ರಾ ದ್ವೀಪದ ಮೊನೊಸೆಂಟ್ರೋಪಸ್ ಬಾಲ್ಫೂರಿ ಇನ್ನೊಂದು. ನೀಲಿ ಕಾಲು, ಕೆನೆ ಬಣ್ಣದ ಮೈ. ಟರಾಂಟುಲಾಗಳಲ್ಲಿ ಹೆಚ್ಚಿನವು ಒಂದನ್ನೊಂದು ತಿಂದುಬಿಡುತ್ತವೆ, ಇದನ್ನು ಮಾತ್ರ ಒಂದೇ ತಾಯಿಯ ಮರಿಗಳಾದರೆ ಗುಂಪಾಗಿ ಸಾಕಿ ಗೆದ್ದವರು ಬಹಳ ಮಂದಿ. ಗುಂಪು ನೋಡಲು ಚೆಂದ, ಆದರೆ ಒಂದು ಡಬ್ಬಿ ತೆರೆದರೆ ಹತ್ತು ಓಡುವ ಜೇಡ ಅನ್ನುವುದು ನೆನಪಿರಲಿ. ಮೊದಲ ಬಬೂನ್ ಅನುಭವ ಗುಂಪಿನಿಂದ ಶುರು ಮಾಡಬೇಡಿ.

ಪೀಸಿಲೋಥೇರಿಯಾ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ, ನನಗೆ ಇವುಗಳ ಮೇಲೆ ಪ್ರೀತಿ. ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಮರದ ಟರಾಂಟುಲಾಗಳು. ಬೂದು, ಬಿಳಿ, ಕಪ್ಪು ಚಿತ್ತಾರ, ತೊಗಟೆಗೆ ಅಂಟಿ ಕೂತರೆ ತೊಗಟೆಯೇ. ಮುಂಗಾಲಿನ ಅಡಿಯಲ್ಲಿ ಹಳದಿ ಎಚ್ಚರಿಕೆ ಬಣ್ಣ. ಪೀಸಿಲೋಥೇರಿಯಾ ರೆಗಾಲಿಸ್ ಸಾಕುವವರ ಕೈಯಲ್ಲಿ ಬಹುಕಾಲದಿಂದ ಮರಿ ಹಾಕುತ್ತಿದೆ, ಗಟ್ಟಿ ಜೀವ.

ನೀಲಿ ಮೈಯ ಪೀಸಿಲೋಥೇರಿಯಾ ಮೆಟಾಲಿಕಾದ ಕಥೆ ಬೇರೆ. 1899ರಲ್ಲಿ ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಸಿಕ್ಕಿದ ಒಂದು ಜೇಡವನ್ನು ನೋಡಿ ಇದಕ್ಕೆ ಹೆಸರಿಟ್ಟರು. ಮರದ ಜೊತೆ ರೈಲಿನಲ್ಲಿ ಬಂದಿರಬೇಕು ಅನ್ನುವುದು ಊಹೆ. ಆಮೇಲೆ ನೂರು ವರ್ಷ ಸುದ್ದಿಯಿಲ್ಲ. 2001ರಲ್ಲಿ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಉಳಿದಿರುವುದು ತುಂಡು ಕಾಡು, ಮರ ಕಡಿತ ನಿಂತಿಲ್ಲ, 2008ರಿಂದ, ಅಪಾಯದಲ್ಲಿರುವ ಜೀವಿಗಳನ್ನು ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನ ಅಂಚಿನ ಅತ್ಯಂತ ಅಪಾಯದ ಸಾಲಿನಲ್ಲಿದೆ. ಇಡೀ ಪೀಸಿಲೋಥೇರಿಯಾ ಕುಲ 2019ರಲ್ಲಿ, ಇಂಥ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು. ಹಾಗಾಗಿ ಇಲ್ಲಿ ಆಯ್ಕೆ ಮಾಡುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ್ದು ಇದು ಎಲ್ಲಿ ಹುಟ್ಟಿದ್ದು ಅಂತ. ಸಾಕಿದವರ ಕೈಯಲ್ಲೇ ಹುಟ್ಟಿದ ಮರಿ ಅನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಬೇಡ. ನೀವಿರುವ ದೇಶದಲ್ಲಿ ಇವನ್ನು ಸಾಕಲು ಕಾನೂನು ಬಿಡುತ್ತದೆಯೇ ಅಂತ ಮೊದಲೇ ನೋಡಿ. ಬಿಡದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಕಾಡಿನಿಂದ ಹಿಡಿದದ್ದನ್ನು ಯಾರು ಕೊಟ್ಟರೂ, ಎಷ್ಟಕ್ಕೆ ಕೊಟ್ಟರೂ ಬೇಡ.

ವಿಷದ ವಿಷಯದಲ್ಲಿ ಟರಾಂಟುಲಾಗಳಲ್ಲಿ ಇವು ಮೇಲಿನ ಸಾಲಿನಲ್ಲಿವೆ. ಟರಾಂಟುಲಾ ಕಚ್ಚಿ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ ನಿಜ. ಆದರೆ ಪೀಸಿಲೋಥೇರಿಯಾ ಕಚ್ಚಿದವರಿಗೆ ನೋವು ಇಳಿದು ಎಷ್ಟೋ ಗಂಟೆಗಳಾದ ಮೇಲೆ ಮಾಂಸಖಂಡ ಹಿಡಿದುಕೊಳ್ಳಲು ಶುರುವಾಗುತ್ತದೆ, ಕೆಲವರಿಗೆ ದಿನಗಳು, ವಾರಗಳ ಕಾಲ ಬಂದು ಹೋಗಿ ಮಾಡುತ್ತದೆ. ಕಚ್ಚಿದರೆ ಸೋಪು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಜೇಡದ ಪೂರ್ತಿ ಹೆಸರು ಹೇಳಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬೀಗ ಹಾಕುವ ಡಬ್ಬಿ ಇಡಲು ಜಾಗ ಇಲ್ಲದಿದ್ದರೆ, ಈಗ ಬೇಡ.

ಇಷ್ಟು ಹೇಳಿದ ಮೇಲೂ, ಸ್ವಭಾವದಲ್ಲಿ ಇವು ಓಬಿಟಿಯ ಹಾಗೆ ಎದುರು ನಿಲ್ಲುವುದಿಲ್ಲ. ಬೆಳಕು ಬಿದ್ದರೆ ತೊಗಟೆಯ ಹಿಂದೆ ಸರಿಯುತ್ತವೆ. ಅಡಗಲು ಒಳ್ಳೆಯ ಜಾಗ ಕೊಟ್ಟರೆ ಮುಚ್ಚಳ ತೆರೆದಾಗ ಅಲ್ಲಿಗೇ ಓಡುತ್ತವೆ. ಅವಕ್ಕೆ ಹೋಗಲು ದಾರಿ ಇಲ್ಲದಾಗ ಮಾತ್ರ ಕಚ್ಚುವ ಹೊತ್ತು ಬರುತ್ತದೆ. ವಿಷ ಜಾಸ್ತಿ ಅಂದ ಮಾತ್ರಕ್ಕೆ ಸಿಟ್ಟು ಜಾಸ್ತಿ ಅಂತಲ್ಲ.

ಮರಿಯೋ, ದೊಡ್ಡದೋ

ಕಷ್ಟದ ಜಾತಿ ಯಾವುದೇ ಇರಲಿ, ಮರಿಯನ್ನೇ ತನ್ನಿ ಅನ್ನುತ್ತೇನೆ. ಒಂದೆರಡು ಸೆಂಟಿಮೀಟರ್ ಇರುವಾಗ ಅದು ಓಡಿದರೂ ನಿಮ್ಮ ಎದೆ ಅಷ್ಟು ಬಡಿದುಕೊಳ್ಳುವುದಿಲ್ಲ. ಅದು ಬೆಳೆಯುವಷ್ಟರಲ್ಲಿ ಮೂರು ನಾಲ್ಕು ಸಲ ಮನೆ ಬದಲಿಸಿರುತ್ತೀರಿ, ಕೈ ಪಳಗಿರುತ್ತದೆ. ದೊಡ್ಡದನ್ನು ತಂದರೆ ಮೊದಲ ದಿನವೇ ಎಲ್ಲಕ್ಕಿಂತ ಕಷ್ಟದ ಕೆಲಸ.

ದೊಡ್ಡದರಲ್ಲಿ ಇನ್ನೊಂದು ಮೋಸದ ಸಾಧ್ಯತೆಯೂ ಇದೆ. ಒಮ್ಮೆ ಮಾರಾಟಗಾರರೊಬ್ಬರು ಹೆಣ್ಣು ಅಂತ ಹೇಳಿ ಕೊಟ್ಟ ರೆಗಾಲಿಸ್ ಒಂದು ಮುಂದಿನ ಪೊರೆ ಬಿಟ್ಟಾಗ ಬಾಯಿ ಹತ್ತಿರದ ಸಣ್ಣ ಕಾಲುಗಳ ತುದಿ ಗುಂಡಗೆ ಉಬ್ಬಿತ್ತು. ಗಂಡು, ಪೂರ್ತಿ ಬೆಳೆದಿದ್ದು. ಕೆಲವೇ ತಿಂಗಳು ಬದುಕಿತು. ಹೆಣ್ಣಾದರೆ ಹತ್ತು ವರ್ಷ ದಾಟಬಹುದಿತ್ತು. ಹೆಣ್ಣು ಅಂತ ಹೇಳಿದರೆ ಬಿಟ್ಟ ಪೊರೆಯ ಚಿತ್ರ ಕೇಳಿ, ಅದರಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು.

ಹಾಗಾದರೆ ಯಾವುದು?

ನಿಮ್ಮ ಕೈ ನಿಧಾನ, ಆದರೆ ದಿನಚರಿ ಗಟ್ಟಿ, ನೀರು ತೇವ ಮರೆಯುವುದಿಲ್ಲ ಅಂದರೆ ಅಕಾಂಥೊಸ್ಕುರಿಯಾ, ಅದಾದ ಮೇಲೆ ಥೆರಫೋಸಾ. ಮರೆವು ಇದೆ, ಆದರೆ ಗಾಬರಿಯಾಗುವುದಿಲ್ಲ ಅಂದರೆ ಕ್ರೊಮಾಟೊಪೆಲ್ಮಾ, ಮುಂದೆ ಸೆರಾಟೋಗೈರಸ್. ಚರ್ಮ ಸೂಕ್ಷ್ಮ, ತುರಿಕೆ ತಡೆಯಲಾಗದು ಅಂದರೆ ಕೂದಲಿಲ್ಲದ ಸಾಲ್ಮೋಪಿಯಸ್. ಅದನ್ನು ಒಂದೆರಡು ವರ್ಷ ನಿಭಾಯಿಸಿ, ಎರಡು ಸಲವಾದರೂ ಅದು ತಪ್ಪಿಸಿಕೊಳ್ಳದ ಹಾಗೆ ಮನೆ ಬದಲಿಸಿದ ಮೇಲೆ ರೆಗಾಲಿಸ್. ಲಿವಿಡಸ್ ತಾಳ್ಮೆ ಇರುವವರಿಗೆ ಮಾತ್ರ. ಓಬಿಟಿ ಯಾವಾಗ ಅಂತ ಕೇಳಿದರೆ, ಅದರ ಮುಚ್ಚಳ ತೆರೆಯುವುದು ನಿಮಗೆ ಮಾಮೂಲಿ ಅನ್ನಿಸುವ ದಿನ.

ಒಂದನ್ನು ಆರಿಸಿದ ಮೇಲೆ ಜೇಡ ಬರುವ ಮುಂಚೆಯೇ ಅಭ್ಯಾಸ ಮಾಡಿ. ಹೊಸ ಡಬ್ಬಿಯನ್ನೂ ಹಳೆಯದನ್ನೂ ಒಂದು ದೊಡ್ಡ ಪಾರದರ್ಶಕ ಡಬ್ಬದೊಳಗೆ ಇಟ್ಟು ಕೆಲಸ ಮಾಡಿ, ಓಡಿದರೂ ಅದರೊಳಗೇ ಇರುತ್ತದೆ. ಕೋಣೆಯ ಬಾಗಿಲು ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಬೆಕ್ಕು ನಾಯಿ ಹೊರಗೆ. ಲೋಟ ಬಲಗೈಗೆ ಸಿಗುವಲ್ಲಿರಲಿ. ಪೊರೆ ಬಿಟ್ಟು ವಾರ ಕೂಡ ಆಗದ ಜೇಡವನ್ನು ಅಲುಗಿಸಬೇಡಿ, ಕೋರೆ ಇನ್ನೂ ಬಿಳಿಯೋ ಕೆಂಪೋ ಇದ್ದರೆ ಗಟ್ಟಿಯಾಗಿಲ್ಲ ಅಂತ ಅರ್ಥ. ನಾನು ಈಗಲೂ ವೇಗದ ಜೇಡ ಬರುವ ಹಿಂದಿನ ದಿನ ಖಾಲಿ ಡಬ್ಬಿಯಲ್ಲಿ ಒಂದು ಹತ್ತಿ ಉಂಡೆ ಇಟ್ಟು, ಲೋಟ ಬೋರಲು ಹಾಕಿ ರಟ್ಟು ತೂರಿಸುವುದನ್ನು ಹತ್ತು ಸಲ ಮಾಡುತ್ತೇನೆ.